ಹೊಗೆ ಎದ್ದ ರಾತ್ರಿ, ಏಳಲಾರದ ರೋಗಿಯನ್ನು ಸಾಗಿಸುವುದು ಹೇಗೆ?

ನರ್ಸಿಂಗ್ ಹೋಮ್‌ಗಳ ಅಗ್ನಿ ಸುರಕ್ಷತಾ ತಾಲೀಮುಗಳನ್ನು ಬಹಳ ನೋಡಿದ್ದೇನೆ. ಅಂಗಳದಲ್ಲಿ ಬಾಣಲೆಗೆ ಬೆಂಕಿ ಹಚ್ಚಿ, ಕೆಂಪು ಸಿಲಿಂಡರಿನಿಂದ ಪುಡಿ ಹಾರಿಸಿ, ಫೋಟೊ ತೆಗೆಸಿಕೊಂಡರೆ ಮುಗಿಯಿತು. ಎರಡನೇ ಮಹಡಿಯಲ್ಲಿ ಸೊಂಟದ ಮೂಳೆ ಮುರಿದುಕೊಂಡು ಮಲಗಿರುವ ಅಜ್ಜಿಯನ್ನು ರಾತ್ರಿ ಎರಡು ಗಂಟೆಗೆ ಒಬ್ಬ ಸಿಸ್ಟರ್, ಒಬ್ಬ ಆಯಾ ಸೇರಿ ಹೇಗೆ ಸಾಗಿಸಬೇಕು? ಅದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲ ನಿಮಿಷದ ಕೆಲಸ ಸರಳ. ಬೆಂಕಿ ಬಿದ್ದ ಕೋಣೆಯಲ್ಲಿರುವವರನ್ನು ಈಚೆ ತನ್ನಿ, ಬಾಗಿಲು ಎಳೆದು ಮುಚ್ಚಿ, ಕೂಗಿ ಎಲ್ಲರನ್ನೂ ಎಬ್ಬಿಸಿ, 101 ಅಥವಾ 112ಕ್ಕೆ ಕರೆ ಮಾಡಿ. ಡಾಕ್ಟರಿಗೋ ಮಾಲೀಕರಿಗೋ ಫೋನ್ ಮಾಡಿ ಒಪ್ಪಿಗೆ ಕೇಳುತ್ತ ನಿಲ್ಲಬೇಡಿ.

ಬಾಗಿಲಿನ ಮಾತನ್ನು ಇನ್ನೊಮ್ಮೆ ಹೇಳುತ್ತೇನೆ. 2011ರ ಡಿಸೆಂಬರ್ 9ರ ನಸುಕಿನಲ್ಲಿ ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ ಬೆಂಕಿ ಹೊತ್ತಿದ್ದು ನೆಲಮಾಳಿಗೆಯಲ್ಲಿ. ಸತ್ತ ಸುಮಾರು 90 ಜನರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿದ್ದ ರೋಗಿಗಳು. ಎಸಿ ಕೊಳವೆಗಳಲ್ಲಿ ಏರಿ ಬಂದ ಹೊಗೆ ಅವರ ಉಸಿರು ಕಟ್ಟಿಸಿತು. ಹಾಗಾಗಿ ಬಾಗಿಲು ಮುಚ್ಚಿದ ಬೆನ್ನಿಗೇ ಎಸಿ ಆಫ್ ಆಗಬೇಕು. ಆಕ್ಸಿಜನ್ ಪೈಪನ್ನು ಬಂದ್ ಮಾಡುವ ವಾಲ್ವ್ ಎಲ್ಲಿದೆಯೆಂದು ರಾತ್ರಿ ಪಾಳಿಯ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಗಾಳಿಯಲ್ಲಿ ಸಹಜವಾಗಿರುವ ಆಕ್ಸಿಜನ್ ಶೇ 21. ಅದು ಸ್ವಲ್ಪ ಹೆಚ್ಚಿದರೂ ಕಿಡಿ ತಾಗಿದ ಹತ್ತಿಯ ಬಟ್ಟೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಆದರೆ ಆಕ್ಸಿಜನ್ ಮೇಲಿರುವವರ ಕೈಗೆ ಸಣ್ಣ ಸಿಲಿಂಡರ್ ಬರುವವರೆಗೆ, ಇನ್‌ಚಾರ್ಜ್ ಸಿಸ್ಟರ್ ಹೇಳುವವರೆಗೆ ವಾಲ್ವ್ ಮುಟ್ಟಬೇಡಿ.

ಇನ್ನು ಸಾಗಿಸುವುದು. ಎಲ್ಲರೂ ಮೆಟ್ಟಿಲಿನತ್ತ ನುಗ್ಗುತ್ತಾರೆ, ತಪ್ಪು ಅಲ್ಲೇ ಶುರು. ಮೊದಲು ಅದೇ ಮಹಡಿಯಲ್ಲಿ, ಗಟ್ಟಿ ಬಾಗಿಲಿನ ಆಚೆಗಿರುವ ಇನ್ನೊಂದು ಭಾಗಕ್ಕೆ ಸರಿಯಿರಿ. ಬೆಂಕಿಗೆ ಹತ್ತಿರವಿರುವವರು ಮೊದಲು, ನಂತರ ನಡೆಯಬಲ್ಲವರು, ಆಮೇಲೆ ವೀಲ್‌ಚೇರಿನವರು, ಕೊನೆಗೆ ಹಾಸಿಗೆ ಹಿಡಿದವರು. ಲಿಫ್ಟ್ ಬೇಡವೇ ಬೇಡ. ಮನೆಯನ್ನೇ ನರ್ಸಿಂಗ್ ಹೋಮ್ ಮಾಡಿಕೊಂಡ ಕಟ್ಟಡದಲ್ಲಿ ಅಂಥ ಬಾಗಿಲು ಇಲ್ಲವೆಂದರೆ ಏಳಲಾರದ ರೋಗಿಗಳನ್ನು ನೆಲ ಅಂತಸ್ತಿನಲ್ಲಿ ಮಾತ್ರ ಇಡಿ. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಕಷ್ಟದ್ದು ಮಂಚದಿಂದ ನೆಲಕ್ಕೆ ಇಳಿಸುವುದು. ಒಮ್ಮೆ ತಾಲೀಮಿನಲ್ಲಿ ರೋಗಿಯಾಗಿ ನಾನೇ ಮಲಗಿದ್ದೆ. ಮಂಚದ ಚಕ್ರಕ್ಕೆ ಬ್ರೇಕ್ ಹಾಕಿರಲಿಲ್ಲ. ಹುಡುಗಿಯರು ಎಳೆದ ಕೂಡಲೇ ಮಂಚ ಹಿಂದಕ್ಕೆ ಸರಿಯಿತು, ನಾನು ನಡುವೆ ಜೋತುಬಿದ್ದೆ. ಹೊಸ್ತಿಲು ದಾಟುವಾಗ ತಲೆಯನ್ನು ಎತ್ತಿ ಹಿಡಿಯಲಿಲ್ಲ. ಆ ಪೆಟ್ಟು ಇನ್ನೂ ನೆನಪಿದೆ.

ಬ್ರೇಕ್ ಹಾಕಿ, ಮಂಚವನ್ನು ಪೂರ್ತಿ ತಗ್ಗಿಸಿ, ಪಕ್ಕದ ಕಂಬಿ ಇಳಿಸಿ. ಡ್ರಿಪ್ ಬಿಚ್ಚಿ ಸೂಜಿಯ ಬಾಯಿ ಮುಚ್ಚಿ. ಯೂರಿನ್ ಬ್ಯಾಗನ್ನು ಕೊಕ್ಕೆಯಿಂದ ತೆಗೆದು ಎರಡು ಕಾಲುಗಳ ನಡುವೆ ಇಡಿ. ಇದನ್ನು ಮರೆತರೆ ನಳಿಕೆ ಜಗ್ಗಿ ರಕ್ತ ಬರುತ್ತದೆ. ದಪ್ಪ ಕಂಬಳಿಯನ್ನು ಮಂಚದ ಪಕ್ಕ ನೆಲದ ಮೇಲೆ, ತಲೆಯ ಕಡೆ ಒಂದು ಮೊಳ ಉಳಿಯುವಂತೆ ಹಾಸಿ. ಒಬ್ಬರು ಭುಜದ ಹತ್ತಿರ, ಒಬ್ಬರು ಮೊಣಕಾಲಿನ ಹತ್ತಿರ ಮಂಡಿಯೂರಿ, ರೋಗಿ ಮಲಗಿರುವ ಬೆಡ್‌ಶೀಟನ್ನೇ ಹಿಡಿದು ಅಂಚಿಗೆ ಎಳೆಯಿರಿ. ಕಾಲು ಮೊದಲು ಇಳಿಯಲಿ. ಮೈ ನಿಮ್ಮ ತೊಡೆಯ ಮೇಲೆ ಜಾರಿ ಬರಲಿ. ತಲೆ ಕೊನೆಗೆ, ಅಂಗೈಯಲ್ಲಿ. ಸೊಂಟ ಮುರಿದವರನ್ನು ಮಾತ್ರ ಹಾಸಿಗೆ ಸಮೇತ, ಎರಡು ಬೆಡ್‌ಶೀಟುಗಳಿಂದ ಅಡ್ಡಡ್ಡ ಕಟ್ಟಿ ಇಳಿಸಿ.

ಆಮೇಲೆ ಕಂಬಳಿಯ ತಲೆಕಡೆಯ ಎರಡು ಮೂಲೆಗಳನ್ನು ಹುರಿ ಮಾಡಿ ಹಿಡಿದು, ತಲೆ ನೆಲದಿಂದ ಸ್ವಲ್ಪ ಮೇಲಿರುವಂತೆ ಎತ್ತಿ, ಬಗ್ಗಿ ಹಿಂದಕ್ಕೆ ನಡೆಯುತ್ತ ಎಳೆಯಿರಿ. ಕೆಲವರು ಮಗುವಿನಂತೆ ಎತ್ತಿಕೊಂಡು ಓಡುತ್ತಾರೆ, ಅದು ತಪ್ಪು. ಹೊಗೆ ಮೇಲೆ ತೇಲುತ್ತದೆ, ಉಸಿರಾಡಬಹುದಾದ ಗಾಳಿ ಇರುವುದು ನೆಲದ ಹತ್ತಿರ. ಮೆಟ್ಟಿಲು ಇಳಿಯಲೇಬೇಕಾದರೆ ಹಾಸಿಗೆ ಸಮೇತ ಕಾಲು ಮುಂದಾಗಿ: ಒಬ್ಬರು ಕೆಳಗೆ ತಡೆಯಲು, ಒಬ್ಬರು ತಲೆಯ ಹತ್ತಿರ ಹಿಡಿದುಕೊಳ್ಳಲು.

ಹಿಡಿಕೆ ಹೊಲಿದ ಸಾಗಣೆ ಹಾಳೆಗಳೂ ಮಾರಾಟಕ್ಕಿವೆ. ಎಂಬತ್ತು ಕಿಲೊ ತೂಕದವರನ್ನು ಮಲಗಿಸಿ ಅಂಗಡಿಯವರ ಎದುರೇ ಎಳೆದು ನೋಡಿ ಕೊಳ್ಳಿ. ತೆಳು ಪ್ಲಾಸ್ಟಿಕ್ಕಿನವು ಹೊಲಿಗೆಯಲ್ಲೇ ಹರಿಯುತ್ತವೆ. ಗೋಡೆಗೆ ನೇತುಹಾಕುವ ಬೆಂಕಿ ಆರಿಸುವ ಚೆಂಡಿಗೆ ಹಾಕುವ ದುಡ್ಡಿನಲ್ಲಿ ಬಾಗಿಲನ್ನು ತಾನೇ ಮುಚ್ಚುವ ಡೋರ್ ಕ್ಲೋಸರ್ ಹಾಕಿಸಿ.

ಕೋಣೆ ಖಾಲಿಯಾದ ಮೇಲೆ ಬಾಗಿಲು ಮುಚ್ಚಿ ಹೊರಗೆ ಒಂದು ದಿಂಬು ಇಡಿ, ಒಳಗೆ ಯಾರೂ ಇಲ್ಲವೆಂದು ನಂತರ ಬಂದವರಿಗೆ ತಿಳಿಯುತ್ತದೆ. ಈ ಗುರುತನ್ನು ಎಲ್ಲರಿಗೂ ಮೊದಲೇ ಹೇಳಿಟ್ಟಿರಿ. ಆಚೆ ಭಾಗದಲ್ಲಿ ರಿಜಿಸ್ಟರ್ ಹಿಡಿದು ತಲೆ ಎಣಿಸಿ. ತಾಲೀಮನ್ನು ರಾತ್ರಿ ಪಾಳಿಯವರಷ್ಟೇ ಇರುವಾಗ ಮಾಡಿಸಿ, ಹಿಂದಿನ ಮೆಟ್ಟಿಲಿನ ಗ್ರಿಲ್ಲಿಗೆ ಬೀಗ ಬಿದ್ದಿದ್ದರೆ ಅವತ್ತೇ ತೆಗೆಸಿ.