ಯುದ್ಧದ ಭಯ ಮನೆಯೊಳಗೆ ಬಂದರೆ ಏನು ಮಾಡಬೇಕು? ಕಾಸರಗೋಡು ಕಡೆಯ ಮನೆಗಳಿಗೆ

2025ರ ಮೇ 7ರ ಮಧ್ಯಾಹ್ನ ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಹಿಂದಿನ ರಾತ್ರಿ ಪಾಕಿಸ್ತಾನದ ಮೇಲೆ ಭಾರತದ ದಾಳಿ, ಆಪರೇಷನ್ ಸಿಂಧೂರ, ನಡೆದಿತ್ತು. ಸಂಜೆ ನಾಲ್ಕಕ್ಕೆ ಕೇರಳದ 14 ಜಿಲ್ಲೆಗಳಲ್ಲೂ ಮಾಕ್ ಡ್ರಿಲ್ ಇದೆ, ಸೈರನ್ ಕೂಗಿದರೆ ಹೆದರಬೇಡಿ ಎಂದು ಅಮ್ಮನಿಗೆ ಮೊದಲೇ ಹೇಳಿದ್ದೆ. ಆದರೆ ಎರಡು ಗಂಟೆಗೇ ಒಳಗಿನಿಂದ ಸೈರನ್ ಕೇಳಿಸಿತು. ಟಿವಿಯದ್ದು. ಸುದ್ದಿ ಓದುವವರ ಮಾತಿನ ಹಿಂದೆ ಹಾಕಿದ ಸದ್ದು. ಅಮ್ಮ ಎದ್ದು ಓಡಿ ಬಂದು ಬಾಗಿಲು ಹಿಡಿದುಕೊಂಡು "ಬಾಂಬು ಹಾಕಿದ್ರಾ?" ಎಂದು ಕೇಳಿದರು. ಕೈಯ ಹಲಸಿನ ಹಿಟ್ಟು ಬಾಗಿಲ ದಾರಂದಕ್ಕೆ ಅಂಟಿ ಅಲ್ಲೇ ಒಣಗಿತು. ಮೇ 10ರಂದು ಕೇಂದ್ರ ಗೃಹ ಸಚಿವಾಲಯವೇ ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ ಎಂದು ಚಾನೆಲ್‌ಗಳಿಗೆ ಹೇಳಿತು. ಅಷ್ಟರಲ್ಲಿ ಅಮ್ಮ ಮೂರು ರಾತ್ರಿ ನಿದ್ದೆ ಬಿಟ್ಟಾಗಿತ್ತು.

ಆ ವಾರ ನಾನೂ ರಾತ್ರಿಯೆಲ್ಲಾ ಮೊಬೈಲ್ ಉಜ್ಜುತ್ತಾ ಕೂತಿದ್ದೆ. ಆಮೇಲೆ ಒಂದು ದಿನ ಕೂತು, ನಿಜವಾಗಿ ಏನಾದರೂ ಆದರೆ ನಮ್ಮಂಥ ಮನೆಯಲ್ಲಿ ಏನು ಮಾಡಬಹುದು ಎಂದು ಒಂದೊಂದೇ ಓದಿ ಬರೆದುಕೊಂಡೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ತೆರೆದ ಬಾವಿ, ಹಟ್ಟಿಯಲ್ಲಿ ಒಂದು ದನ, ಗಲ್ಫ್‌ನಲ್ಲಿ ಒಬ್ಬ ಭಾವ. ನಿಮ್ಮ ಮನೆಯೂ ಹೆಚ್ಚುಕಡಿಮೆ ಹೀಗೇ ಇರಬಹುದು, ಅಲ್ವಾ?

ಮೊದಲು ಭಯದ ಅಳತೆ

ಅಣುಬಾಂಬು ಎಂದರೆ ಎಲ್ಲಾ ಮುಗಿಯಿತು ಎಂಬುದೊಂದೇ ಚಿತ್ರ ನಮ್ಮ ತಲೆಯಲ್ಲಿದೆ. ಅದು ಸುಳ್ಳು ಭಯ ಎಂದು ನಾನು ಹೇಳುವುದಿಲ್ಲ. ಎರಡೂ ದೇಶಗಳ ಬಳಿ ಬಾಂಬು ಇದೆ. ನಾವು 1974ರಲ್ಲಿ ಮತ್ತು 1998ರಲ್ಲಿ ಪೋಖ್ರಾನ್‌ನಲ್ಲಿ ಪರೀಕ್ಷೆ ಮಾಡಿದೆವು, 1998ರ ಅದೇ ಮೇ ತಿಂಗಳ ಕೊನೆಗೆ ಪಾಕಿಸ್ತಾನವೂ ಮಾಡಿತು. ಆದರೆ ಇದನ್ನು ತಡೆಯುವ ಏರ್ಪಾಡುಗಳೂ ಇವೆ, ಅವುಗಳ ಮಾತು ಟಿವಿಯಲ್ಲಿ ಬರುವುದು ಕಡಿಮೆ. ಮೊದಲು ನಾವಾಗಿ ಅಣ್ವಸ್ತ್ರ ಬಳಸುವುದಿಲ್ಲ ಎಂದು ಭಾರತ 2003ರ ಜನವರಿಯಲ್ಲಿ ಬರವಣಿಗೆಯಲ್ಲೇ ಹೇಳಿದೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಸಹಿಯಾಗಿದೆ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ತಮ್ಮ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. 2025ರ ಮೇ 10ರಂದು ಜಗಳ ನಿಂತದ್ದೂ ಎರಡು ಸೇನೆಗಳ ಅಧಿಕಾರಿಗಳು ಫೋನಿನಲ್ಲಿ ಮಾತಾಡಿದ ಮೇಲೆಯೇ.

ಇನ್ನೊಂದು, ಉತ್ತರ ಕನ್ನಡದ ಕೈಗಾ ಅಣು ವಿದ್ಯುತ್ ಸ್ಥಾವರ. "ಕೈಗಾಕ್ಕೆ ಹೊಡೆದರೆ ನಾವೂ ಹೋದೆವು" ಎಂದು ನಮ್ಮ ಬಸ್ ಸ್ಟಾಪಿನಲ್ಲೇ ಮಾತಾಡುತ್ತಿದ್ದರು. ಕೈಗಾ ಕಾಸರಗೋಡಿನಿಂದ 250 ಕಿಲೋಮೀಟರಿಗೂ ದೂರ. ಅಣು ಸ್ಥಾವರದ ಸುತ್ತ ತುರ್ತು ಯೋಜನೆ ಮಾಡುವುದು ಸುಮಾರು 16 ಕಿಲೋಮೀಟರ್ ವ್ಯಾಪ್ತಿಗೆ. ರಿಯಾಕ್ಟರ್ ಕೆಟ್ಟರೆ ವಿಕಿರಣ ಸೋರಬಹುದು, ಆದರೆ ಅದು ಅಣುಬಾಂಬಿನ ಹಾಗೆ ಸಿಡಿಯುವುದಿಲ್ಲ. ಇಷ್ಟು ಹೇಳಿದ ಮೇಲೆ ಅಮ್ಮ ಸ್ವಲ್ಪ ಉಸಿರು ಬಿಟ್ಟರು.

ಎಚ್ಚರಿಕೆ ಯಾವ ಭಾಷೆಯಲ್ಲಿ ಬರುತ್ತದೆ?

ಇದು ನಮ್ಮ ಊರಿನದ್ದೇ ಸಮಸ್ಯೆ, ಬೇರೆ ಯಾರೂ ಬರೆಯುವುದಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಹಿರಿಯರಿಗೆ ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೊಬೈಲಿಗೆ ಬರುವ ತುರ್ತು ಸಂದೇಶ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅವರಿಗೆ ಸಿಗುವುದು ಕರ್ಕಶ ಸದ್ದು ಮಾತ್ರ. ಸದ್ದು ಕೇಳಿ ಏನೆಂದು ಗೊತ್ತಾಗದಿದ್ದರೆ ಹೆದರಿಕೆ ಇನ್ನೂ ಜಾಸ್ತಿ.

ಅದಕ್ಕೆ ಹೀಗೆ ಮಾಡಿ. ಮನೆಯ ಹಿರಿಯರ ಮೊಬೈಲಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ತುರ್ತು ಅಲರ್ಟ್‌ಗಳು ಆನ್ ಇವೆಯಾ ನೋಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್ ಆ್ಯಪ್ ಹಾಕಿ, ಭಾಷೆ ಕನ್ನಡಕ್ಕೆ ಬದಲಾಯಿಸಿ. ಬ್ಯಾಟರಿ ಹಾಕುವ ಒಂದು ಚಿಕ್ಕ ರೇಡಿಯೋ ತಂದಿಡಿ. ಕರೆಂಟು, ಟವರು ಎರಡೂ ಹೋದರೆ ಕೊನೆಗೆ ಉಳಿಯುವುದು ಅದೇ. ಮಂಗಳೂರು ಆಕಾಶವಾಣಿ ನಿಮ್ಮ ಮನೆಯ ಯಾವ ಮೂಲೆಯಲ್ಲಿ ಸರಿಯಾಗಿ ಸಿಗುತ್ತದೆ ಎಂದು ಇವತ್ತೇ ತಿರುಗಿಸಿ ನೋಡಿ, ಮುಳ್ಳು ನಿಲ್ಲುವ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ. ನಮ್ಮಲ್ಲಿ ಅಡುಗೆಮನೆ ಕಿಟಕಿಯ ಬಳಿ ಮಾತ್ರ ಸಿಗುತ್ತದೆ.

ಸೈರನ್ನಿನ ಲೆಕ್ಕ ಸುಲಭ. ಏರಿ ಇಳಿದು, ಏರಿ ಇಳಿದು ಕೂಗಿದರೆ ಅಪಾಯ, ಒಳಗೆ ಹೋಗಿ. ಒಂದೇ ಸಮನೆ ಕೂಗಿದರೆ ಅಪಾಯ ಮುಗಿಯಿತು. ಅಮ್ಮನಿಗೆ ಬಾಯಲ್ಲೇ ಎರಡೂ ಕೂಗಿ ತೋರಿಸಿದೆ. ಮಕ್ಕಳಿಗೂ ಹಾಗೇ ಕಲಿಸಿ, ಬೇಗ ಹಿಡಿಯುತ್ತಾರೆ.

ನಿಜವಾಗಿ ಅಣುಬಾಂಬು ಬಿದ್ದರೆ: ಮೊದಲ ಒಂದು ದಿನ

ಈ ಭಾಗವನ್ನು ನಿಧಾನವಾಗಿ ಓದಿ.

ಕಣ್ಣು ಕುಕ್ಕುವ ಬೆಳಕು ಕಂಡರೆ ಅತ್ತ ನೋಡಬೇಡಿ, ಕಿಟಕಿಗೆ ಓಡಬೇಡಿ. ಮಿಂಚಿನ ಹಿಂದೆ ಗುಡುಗು ಬರುವ ಹಾಗೆ ಬೆಳಕಿನ ಹಿಂದೆ ಗಾಳಿಯ ಹೊಡೆತ ಬರುತ್ತದೆ. ಒಂದು ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡು ಎಂದಿಟ್ಟುಕೊಳ್ಳಿ. ಏನಾಯಿತು ಎಂದು ಕಿಟಕಿಯಲ್ಲಿ ಇಣುಕಿದವರ ಮುಖಕ್ಕೇ ಗಾಜು ಹೊಡೆಯುವುದು. ಇದ್ದಲ್ಲೇ ಗೋಡೆಯ ಮರೆಗೆ ಬೋರಲು ಮಲಗಿ, ಮುಖ ಮುಚ್ಚಿ, ಹೊಡೆತ ದಾಟುವ ತನಕ ಏಳಬೇಡಿ.

ಆಮೇಲಿನದ್ದು ದೂಳಿನ ವಿಷಯ. ಬಾಂಬು ನೆಲಕ್ಕೆ ಹತ್ತಿರ ಸಿಡಿದರೆ ಮಣ್ಣು ಮೇಲೆದ್ದು, ವಿಕಿರಣ ಅಂಟಿಸಿಕೊಂಡು, ಬೂದಿಯ ಹಾಗೆ ಕೆಳಗೆ ಬೀಳುತ್ತದೆ. ಹತ್ತಿರದಲ್ಲೇ ಆದರೆ ಹತ್ತು ಹದಿನೈದು ನಿಮಿಷದಲ್ಲಿ ಬೀಳತೊಡಗುತ್ತದೆ, ಗಾಳಿ ಬೀಸುವ ದಿಕ್ಕಿನಲ್ಲಿ ದೂರಕ್ಕೂ ಹೋಗುತ್ತದೆ. ಕಾರು ಹತ್ತಿ ಓಡುವುದು ದೊಡ್ಡ ತಪ್ಪು. ಹೆದ್ದಾರಿಯಲ್ಲಿ ಸಿಕ್ಕಿಕೊಂಡರೆ ತಲೆಯ ಮೇಲೆ ತಗಡು ಬಿಟ್ಟರೆ ಏನೂ ಇಲ್ಲ. ಒಳಗೆ ಹೋಗಿ, ಒಳಗೇ ಇರಿ.

ಎಷ್ಟು ಹೊತ್ತು? ಇಲ್ಲಿ ಒಂದು ಲೆಕ್ಕ ಇದೆ, ನನಗೆ ಜಾಸ್ತಿ ಧೈರ್ಯ ಕೊಟ್ಟದ್ದು ಇದೇ. ಹೊತ್ತು ಏಳು ಪಟ್ಟಾದರೆ ದೂಳಿನ ವಿಕಿರಣ ಹತ್ತರಲ್ಲಿ ಒಂದಾಗುತ್ತದೆ. ಸಿಡಿದು ಒಂದು ಗಂಟೆಗೆ 100 ಇದ್ದದ್ದು ಏಳು ಗಂಟೆಗೆ 10, ಎರಡು ದಿನಕ್ಕೆ 1. ಅಂದರೆ ಮೊದಲ 24 ಗಂಟೆ ಒಳಗಿದ್ದವರು ದೊಡ್ಡ ಗಂಡಾಂತರ ದಾಟಿದ ಹಾಗೆ. ರೇಡಿಯೋದಲ್ಲಿ ಹೊರಗೆ ಬನ್ನಿ ಎನ್ನುವವರೆಗೂ ಇರಿ. ಮಕ್ಕಳು ಶಾಲೆಯಲ್ಲಿದ್ದರೆ ಕರೆತರಲು ಓಡಬೇಡಿ. ಇದು ಹೇಳುವಾಗ ನನಗೂ ಹೊಟ್ಟೆ ಹಿಂಡುತ್ತದೆ, ಆದರೆ ಶಾಲೆಯ ಕಾಂಕ್ರೀಟು ಕಟ್ಟಡದ ಒಳಗೆ ಅವರಿರುವುದು ನಿಮ್ಮ ಸ್ಕೂಟರಿನ ಹಿಂದೆ ಕೂತು ಬರುವುದಕ್ಕಿಂತ ಎಷ್ಟೋ ಮೇಲು.

ಗೋಡೆ ಎಷ್ಟು ಕಾಯುತ್ತದೆ ಎಂಬುದಕ್ಕೆ ಹಿರೋಷಿಮಾದ ಎಯ್ಜೋ ನೊಮುರಾ ಸಾಕ್ಷಿ. 1945ರ ಆಗಸ್ಟ್ 6ರಂದು ಬಾಂಬು ಸಿಡಿದ ಜಾಗದಿಂದ ಸುಮಾರು 170 ಮೀಟರ್ ದೂರದಲ್ಲಿದ್ದರು. ಕಾಗದ ಹುಡುಕಲು ಕಾಂಕ್ರೀಟು ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದರು. ಬದುಕಿದರು, 1982ರವರೆಗೂ ಇದ್ದರು.

ನಮ್ಮಲ್ಲಿ ನೆಲಮಾಳಿಗೆ ಎಲ್ಲಿಂದ ಬರಬೇಕು? ಮುರಕಲ್ಲಿನ ದಪ್ಪ ಗೋಡೆ ಒಳ್ಳೆಯದೇ. ತೊಂದರೆ ಹಂಚಿನದ್ದು. ದೂಳು ನೆತ್ತಿಯ ಮೇಲೆಯೇ ಬೀಳುತ್ತದೆ, ಅದರ ವಿಕಿರಣವನ್ನು ಹಂಚು ಅಷ್ಟಾಗಿ ತಡೆಯುವುದಿಲ್ಲ. ಹತ್ತಿರದಲ್ಲಿ ಎರಡು ಅಂತಸ್ತಿನ ತಾರಸಿ ಮನೆ ಇದ್ದರೆ ಅವರ ಕೆಳಗಿನ ನಡುಕೋಣೆಯೇ ನಿಮ್ಮ ಜಾಗ. ಅವರ ಹತ್ತಿರ ಈಗಲೇ ಮಾತಾಡಿ. ನಾವು ಪಕ್ಕದ ಮನೆಯವರನ್ನು ಕೇಳಿದೆವು. ಅವರು ಮಲಯಾಳದಲ್ಲಿ, ಅಮ್ಮ ತುಳುವಿನಲ್ಲಿ, ಐದು ನಿಮಿಷದಲ್ಲಿ ಮಾತು ಮುಗಿಯಿತು, ಚಹಾ ಬೇರೆ ಸಿಕ್ಕಿತು. ಹಾಗೆ ಯಾರೂ ಇಲ್ಲದಿದ್ದರೆ ಹಳೆ ಮನೆಯ ಕತ್ತಲೆ ಕೋಣೆ ಆಗಬಹುದು, ಮೇಲೆ ಮರದ ಮುಚ್ಚಿಗೆ ಇದ್ದರೆ ಇನ್ನೂ ಒಳ್ಳೆಯದು. ಹೊರಗೋಡೆಗೆ ಒರಗಬೇಡಿ. ಎಸಿ, ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ. ಕಕ್ಕಸು ಹೊರಗಿದ್ದರೆ ಮುಚ್ಚಳದ ಒಂದು ಬಕೆಟ್ ಬೇಕೇ ಬೇಕು, ನಾಚಿಕೆ ಪಡುವ ಮಾತಲ್ಲ.

ಯಾರಾದರೂ ದೂಳಿನಲ್ಲಿ ನೆನೆದು ಬಂದರೆ ಜಗಲಿಯಲ್ಲೇ ಮೇಲಿನ ಬಟ್ಟೆ ಬಿಚ್ಚಿಸಿ. ಮುಕ್ಕಾಲು ಪಾಲಿಗಿಂತ ಜಾಸ್ತಿ ದೂಳು ಬಟ್ಟೆಯ ಜೊತೆಗೇ ಹೋಗುತ್ತದೆ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ದೂರ ಇಡಿ. ಸೋಪು ಹಾಕಿ ಮೆಲ್ಲಗೆ ಸ್ನಾನ, ಚರ್ಮ ಕೀಳುವ ಹಾಗೆ ಉಜ್ಜಬಾರದು. ತಲೆಗೆ ಶಾಂಪೂ ಸಾಕು. ಕಂಡಿಷನರ್ ಹಾಕಿದರೆ ದೂಳು ಕೂದಲಿಗೆ ಅಂಟಿಕೊಳ್ಳುತ್ತದೆ.

ಬಾವಿ, ಸುರಂಗ, ದನ

ಆಕಾಶದಿಂದ ಕಣ್ಣಿಗೆ ಕಾಣದ ವಿಷ ಬೀಳುವುದು ಎಂದರೆ ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುತ್ತಿದ್ದರು. ಬಾವಿ ಮುಚ್ಚಿಡಿ ಎಂದು ಹೇಳಿಹೋಗುತ್ತಿದ್ದರಂತೆ. ಅಮ್ಮ ತೆಂಗಿನ ಮಡಲು ಹೊದೆಸಿ, ಅದರ ಮೇಲೆ ಹಳೆ ಚಾಪೆ ಹಾಕುತ್ತಿದ್ದರಂತೆ. "ಮಡಲಿನ ಎಡೆಯಿಂದ ಬೀಳುವುದನ್ನು ಯಾರು ತಡೆಯುವುದು?" ಎಂದು ಈಗಲೂ ಕೇಳುತ್ತಾರೆ. ಎಣ್ಮಕಜೆ ಕಡೆ ಮನೆಮನೆಯಲ್ಲಿ ಅದರ ಫಲ ನೋಡಿದವರು ನಾವು. "ಏನೂ ಆಗುವುದಿಲ್ಲ" ಎಂಬ ಮಾತನ್ನು ಇಲ್ಲಿಯ ಹಿರಿಯರು ಸುಲಭದಲ್ಲಿ ನಂಬದಿದ್ದರೆ ಅವರದ್ದು ತಪ್ಪಲ್ಲ. ಅವರಿಗೆ ಸಮಾಧಾನ ಹೇಳುವಾಗ ಇದು ನೆನಪಿರಲಿ. ಸುಮ್ನೆ ಧೈರ್ಯದ ಮಾತು ಬೇಡ, ಕೈಗೆ ಕೆಲಸ ಕೊಡಿ.

ಬಾವಿಗೆ ದಪ್ಪ ಟಾರ್ಪಾಲು ತಂದು, ಅಂಚಿಗೆ ಹಗ್ಗ ಪೋಣಿಸಿ, ಕಟ್ಟಲು ಸಿದ್ಧ ಮಾಡಿಡಿ. ಮಳೆಗಾಲಕ್ಕೆ ಅಡಿಕೆ ಮುಚ್ಚಲು ತಂದದ್ದೇ ಆಗುತ್ತದೆ. ಮಾಡಿನ ನೀರು ಹಿಡಿಯಬೇಡಿ. ಮಳೆ ಬಂದರೆ ಮೇಲಿನ ದೂಳು ನೀರಿನ ಜೊತೆಗೇ ಇಳಿಯುತ್ತದೆ. ಕುದಿಸಿದರೆ ವಿಕಿರಣ ಹೋಗುತ್ತದೆ ಎಂದುಕೊಳ್ಳಬೇಡಿ, ಕುದಿಸುವುದರಿಂದ ಸಾಯುವುದು ರೋಗಾಣು ಮಾತ್ರ.

ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ತೋಡಿದ ಸುರಂಗ ಇದೆಯಲ್ಲ, ಅದರೊಳಗೆ ಹೋಗಿ ಕೂತರೆ ಆಗದಾ ಎಂದು ತಮ್ಮ ಕೇಳಿದ. ಮೇಲೆ ಅಷ್ಟು ಮಣ್ಣು ಇರುವುದರಿಂದ ವಿಕಿರಣವೇನೋ ಒಳಗೆ ಬಾರದು. ಆದರೆ ಸುರಂಗ ತೋಡುವವರು ಯಾಕೆ ಮೇಣದ ಬತ್ತಿ ಹಿಡಿದು ಹೋಗುತ್ತಾರೆ? ಬತ್ತಿ ಆರಿದರೆ ಅಲ್ಲಿ ಉಸಿರಾಡಲು ಗಾಳಿ ಸಾಲದು ಎಂದು ಲೆಕ್ಕ. ಐದಾರು ಜನ ಒಂದು ದಿನ ಒಳಗೆ ಕೂರುವ ಜಾಗ ಅದಲ್ಲ. ಮಣ್ಣು ಕುಸಿಯಲೂಬಹುದು. ಸುರಂಗದಲ್ಲಿ ಮನುಷ್ಯರು ಬೇಡ. ಆದರೆ ಗುಡ್ಡದ ಒಳಗಿನಿಂದ ಬರುವ ಆ ನೀರು ತೆರೆದ ಬಾವಿಯ ನೀರಿಗಿಂತ ಮೇಲು, ಅದು ಬೀಳುವ ತೊಟ್ಟಿಗೆ ಮುಚ್ಚಳ ಮಾಡಿಸಿ.

ದನವನ್ನು ಹಟ್ಟಿಯೊಳಗೇ ಕಟ್ಟಿ. ಹೊರಗೆ ಮೇಯಲು ಬಿಟ್ಟರೆ ಹುಲ್ಲಿನ ದೂಳು ಹಾಲಿಗೆ ಬರುತ್ತದೆ. ಒಳಗಿಟ್ಟ ಬೈಹುಲ್ಲು, ಮುಚ್ಚಿದ ನೀರು ಕೊಡಿ.

ಕೂಡಿಡುವುದು

ಇದಕ್ಕೆ ಜಾಸ್ತಿ ಹೇಳಬೇಕಾಗಿಲ್ಲ, ಮಳೆಗಾಲದ ಆಟಿ ತಿಂಗಳಿಗೆ ಕೂಡಿಡುವ ಅಭ್ಯಾಸ ಇರುವವರು ನಾವು. ಒಲೆ ಹಚ್ಚದೆ ಮೂರು ದಿನ ತಿನ್ನುವ ಹಾಗಿರಲಿ: ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಬಿಸ್ಕತ್ತು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರು, ಮುಚ್ಚಳದ ಕ್ಯಾನಿನಲ್ಲಿ. ಬಿಪಿ, ಶುಗರ್ ಮಾತ್ರೆ ಎರಡು ವಾರಕ್ಕೆ. ಟಾರ್ಚು, ಬ್ಯಾಟರಿ, ಸ್ವಲ್ಪ ನಗದು. ಅಂಗಡಿ ಖಾಲಿ ಮಾಡುವ ಹಾಗೆ ಕೊಳ್ಳಬೇಡಿ, ದಿನಗೂಲಿಯವರು ಸಂಜೆ ಬಂದು ಅದೇ ಅಂಗಡಿಯಲ್ಲಿ ಅಕ್ಕಿ ಕೇಳುತ್ತಾರೆ.

ಅಯೋಡಿನ್ ಮಾತ್ರೆಯ ಬಗ್ಗೆ ಒಂದು ಮಾತು. ಅದು ಗಂಟಲಿನ ಥೈರಾಯ್ಡ್ ಗ್ರಂಥಿಯನ್ನು ವಿಕಿರಣದ ಅಯೋಡಿನ್‌ನಿಂದ ಮಾತ್ರ ಕಾಯುತ್ತದೆ, ಬೇರೆ ಯಾವುದರಿಂದಲೂ ಅಲ್ಲ. ಸರ್ಕಾರದವರು ಹೇಳಿದಾಗ ಮಾತ್ರ ತಿನ್ನಬೇಕು. ಅಯೋಡಿನ್ ಉಪ್ಪು ತಿಂದರೆ ಏನೂ ಪ್ರಯೋಜನ ಇಲ್ಲ. 2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಅವಘಡ ಆದಾಗ ಚೀನಾದಲ್ಲಿ ಜನ ಉಪ್ಪಿಗೆ ಮುಗಿಬಿದ್ದರು, ಉಪ್ಪು ಜಾಸ್ತಿಯಾದರೆ ಬಿಪಿ ಏರುವುದೊಂದೇ ಫಲ.

ಗಲ್ಫ್‌ನಲ್ಲಿ ಇರುವವರು

2025ರ ಜೂನ್ 23ರ ರಾತ್ರಿ ಕತಾರ್‌ನಲ್ಲಿ ಅಮೆರಿಕದ ಸೇನೆ ಇರುವ ಅಲ್ ಉದೈದ್ ನೆಲೆಯ ಮೇಲೆ ಇರಾನ್ ಕ್ಷಿಪಣಿ ಬಿಟ್ಟಾಗ ನಮ್ಮ ಜಿಲ್ಲೆಯ ಅದೆಷ್ಟೋ ಮನೆಗಳಲ್ಲಿ ದೀಪ ಆರಿಸಿರಲಿಕ್ಕಿಲ್ಲ. ಭಾವ ಇರುವುದು ದೋಹಾದಲ್ಲಿ. ಎಲ್ಲರೂ ಒಟ್ಟಿಗೆ ಕರೆ ಮಾಡಿ ಲೈನ್ ಸಿಗದೆ, ಸಿಗದ್ದಕ್ಕೇ ಅಕ್ಕ ಅಳತೊಡಗಿದಳು. ಈಗ ಒಂದು ಒಪ್ಪಂದ ಮಾಡಿದ್ದೇವೆ. ಏನಾದರೂ ಆದರೆ ಭಾವನೇ ಒಂದು ಮೆಸೇಜು ಹಾಕುವುದು, "ಇದ್ದೇನೆ" ಎಂದು, ಅಷ್ಟೇ. ಕರೆ ಸಿಗದ ಕಡೆ ಎಸ್‌ಎಂಎಸ್ ಹೋಗಬಹುದು. ಅದು ಒಬ್ಬರಿಗೆ ಬರಬೇಕು, ಅವರು ಉಳಿದವರಿಗೆ ಹೇಳಬೇಕು. ಪಾಸ್‌ಪೋರ್ಟ್ ಪ್ರತಿ, ರಾಯಭಾರ ಕಚೇರಿಯ ನಂಬರು ಎರಡೂ ಕಡೆ ಇರಲಿ.

ರಾತ್ರಿಗೆ

ಸುದ್ದಿ ದಿನಕ್ಕೆ ಎರಡು ಸಲ ಸಾಕು. ಬೆಳಿಗ್ಗೆ ಪೇಪರ್, ಸಂಜೆ ರೇಡಿಯೋ. ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಇಲ್ಲದ ವೀಡಿಯೋವನ್ನು ಮುಂದೆ ಕಳಿಸಬೇಡಿ, ಅಮ್ಮನಂಥವರು ಅದನ್ನು ರಾತ್ರಿ ಹನ್ನೊಂದಕ್ಕೆ ನೋಡುತ್ತಾರೆ. ಮಕ್ಕಳು ಕೇಳಿದರೆ ಸುಳ್ಳು ಹೇಳಬೇಡಿ. "ದೊಡ್ಡವರು ಜಗಳ ನಿಲ್ಲಿಸಲು ನೋಡುತ್ತಿದ್ದಾರೆ, ನಮ್ಮ ಮನೆಯಲ್ಲಿ ಏನು ಮಾಡಬೇಕು ಎಂದು ನಮಗೆ ಗೊತ್ತಿದೆ" ಎಂದು ಹೇಳಿ ಬ್ಯಾಟರಿ ಎಣಿಸಲು ಕೊಡಿ. ವಾರ ಕಳೆದರೂ ನಿದ್ದೆ ಬಾರದೆ, ಎದೆ ಹೊಡೆದುಕೊಳ್ಳುತ್ತಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಕೊನೆಯ ಕೆಲಸ ಒಂದು ಹಾಳೆ. ದೊಡ್ಡ ಅಕ್ಷರದ ಕನ್ನಡದಲ್ಲಿ ಬರೆದು ಅಡುಗೆಮನೆ ಬಾಗಿಲ ಹಿಂದೆ ಅಂಟಿಸಿ. ಎರಡು ಸೈರನ್ನಿನ ವ್ಯತ್ಯಾಸ, ಹೋಗಬೇಕಾದ ಕೋಣೆ, 24 ಗಂಟೆ ಒಳಗಿರಬೇಕು ಎಂಬ ಮಾತು, ತುರ್ತು ನಂಬರು 112 ಮತ್ತು ಜಿಲ್ಲಾ ಕಂಟ್ರೋಲ್ ರೂಮಿನ 1077, ರೇಡಿಯೋ ಇಟ್ಟ ಜಾಗ. ನಮ್ಮ ಹಾಳೆಯಲ್ಲಿ ಅಮ್ಮ ತಾವೇ ಒಂದು ಸಾಲು ಸೇರಿಸಿದ್ದಾರೆ: "ಬಾವಿಯ ಟಾರ್ಪಾಲು ಹಟ್ಟಿಯ ಅಟ್ಟದಲ್ಲಿ." ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಗೂ ಒಂದು ಪ್ರತಿ ಬರೆದು ಕೊಟ್ಟೆವು. ಅವರ ಹಾಳೆಯಲ್ಲಿ ಕೋಣೆಯ ಜಾಗದಲ್ಲಿ ನಮ್ಮ ಹೆಸರಿದೆ, ಸೈರನ್ ಕೂಗಿದರೆ ಅವರನ್ನು ಕರೆದುಕೊಂಡು ಪಕ್ಕದ ತಾರಸಿ ಮನೆಗೆ ಹೋಗುವುದು ತಮ್ಮನ ಕೆಲಸ.