ಸ್ಟೆಂಟ್ ಒಳಗೇ ಮತ್ತೆ ಬ್ಲಾಕ್ ಆದರೆ

ಹೃದಯದ ರಕ್ತನಾಳ ತೆರೆದಿಡುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಹಾಕಿಸಿದ ಏಳೆಂಟು ತಿಂಗಳಿಗೆ ಮೆಟ್ಟಿಲು ಹತ್ತುವಾಗ ಅದೇ ಹಳೆಯ ಎದೆ ಹಿಡಿತ ಶುರುವಾದರೆ 'ಗ್ಯಾಸ್' ಎಂದು ಸೋಡಾ ಕುಡಿದು ಕೂರಬೇಡಿ. ಸ್ಟೆಂಟ್ ಅರಳಿಸಲು ಬಲೂನ್ ಒತ್ತಿದ ಜಾಗ ನಾಳದ ಪಾಲಿಗೆ ಗಾಯವೇ. ಅದು ಮಾಯುವಾಗ ಸ್ನಾಯುಕೋಶಗಳು ಅತಿಯಾಗಿ ಬೆಳೆದು ಜಾಲರಿಯೊಳಗೆ ತುಂಬಿಕೊಳ್ಳುತ್ತವೆ. ಔಷಧ ಲೇಪಿತ ಸ್ಟೆಂಟ್‌ಗಳಲ್ಲಿ ಇದು ಕಡಿಮೆ, ಆದರೆ ವರ್ಷಗಳ ನಂತರ ಒಳಗೆ ಹೊಸದಾಗಿ ಕೊಬ್ಬು ಕೂರಬಹುದು. ಸಕ್ಕರೆ ಕಾಯಿಲೆ, ಸಣ್ಣ ನಾಳ, ಉದ್ದದ ಸ್ಟೆಂಟ್ ಇದ್ದವರಿಗೆ ಅಪಾಯ ಹೆಚ್ಚು.

ಇನ್ನೊಂದು ಕಾರಣ ಹೆಚ್ಚಾಗಿ ಕಣ್ತಪ್ಪುತ್ತದೆ: 3 ಮಿ.ಮೀ. ಸ್ಟೆಂಟ್ ಗಟ್ಟಿ ಕ್ಯಾಲ್ಸಿಯಂ ನಡುವೆ 2 ಮಿ.ಮೀ.ಗಷ್ಟೇ ಅರಳಿರುತ್ತದೆ. ಆ್ಯಂಜಿಯೋಗ್ರಾಂನಲ್ಲಿ ಇದು ಸರಿಯಾಗಿ ಕಾಣದು. ಹಾಗಾಗಿ ಮೊದಲು ಐವಸ್ (ನಾಳದೊಳಗಿನ ಅಲ್ಟ್ರಾಸೌಂಡ್) ಅಥವಾ ಓಸಿಟಿಯಿಂದ (ಬೆಳಕಿನ ಸ್ಕ್ಯಾನ್) ನಾಳದ ಒಳಗಣ ಚಿತ್ರ ತೆಗೆಯಬೇಕು; ಚಿಕಿತ್ಸೆ ನಿರ್ಧಾರವಾಗುವುದೇ ಅಲ್ಲಿ. ಅರಳದ ಸ್ಟೆಂಟ್‌ಗೆ ಹೆಚ್ಚು ಒತ್ತಡದ, ನಿಗದಿತ ಗಾತ್ರ ಮೀರಿ ಹಿಗ್ಗದ ಬಲೂನ್. ಕ್ಯಾಲ್ಸಿಯಂ ಬಗ್ಗದಿದ್ದರೆ ಆಘಾತ ತರಂಗದಿಂದ ಅದನ್ನು ಬಿರುಕು ಬಿಡಿಸುವ ಲಿಥೊಟ್ರಿಪ್ಸಿ. ಅಂಗಾಂಶ ಬೆಳೆದಿದ್ದರೆ ಸಣ್ಣ ಬ್ಲೇಡ್‌ಗಳಿರುವ ಕಟಿಂಗ್ ಬಲೂನ್‌ನಿಂದ ಸೀಳಿ ಜಾಗ ಮಾಡಿ, ಔಷಧ ಲೇಪಿತ ಬಲೂನನ್ನು 30ರಿಂದ 60 ಸೆಕೆಂಡ್ ಉಬ್ಬಿಸಿ ಹಿಡಿಯುತ್ತಾರೆ, ಇಲ್ಲವೇ ಹೊಸ ಸ್ಟೆಂಟ್ ಹಾಕುತ್ತಾರೆ. ಆಗಲೇ ಸ್ಟೆಂಟ್‌ನ ಎರಡು ಪದರವಿದ್ದರೆ ಮೂರನೆಯದು ಜಾಣತನವಲ್ಲ. ಬೈಪಾಸ್ ಬಗ್ಗೆ ಕೇಳಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರೆಗಳನ್ನು ಹಲ್ಲು ಕೀಳಿಸಲೆಂದು ನೀವೇ ನಿಲ್ಲಿಸಬೇಡಿ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದರೆ ನೋವು ಒಮ್ಮೆಲೇ ಬರುತ್ತದೆ. ವಿಶ್ರಾಂತಿಯಲ್ಲೂ ಎದೆನೋವು, ಬೆವರು ಇದ್ದರೆ 108ಕ್ಕೆ ಕರೆ ಮಾಡಿ.