ಕ್ಯಾನ್ಸರ್ ಹರಡುವ ದಾರಿಯನ್ನು ಚಿತ್ರ ಬರೆದು ತಿಳಿಯುವುದು ಹೇಗೆ?

ಕ್ಯಾನ್ಸರ್ ಕೋಶದ ಮೈಮೇಲಿನ ಪ್ರೋಟೀನ್‌ಗಳ ಬಗ್ಗೆ ಓದಿದರೆ ಹೆಸರುಗಳಲ್ಲೇ ತಲೆ ಸುತ್ತುತ್ತದೆ. ಬರೆದು ನೋಡಿದರೆ ಸುಲಭ. ಒಂದು ಹಾಳೆ, ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ.

ಮೊದಲು ಎಡಬದಿಗೆ ಏಳೆಂಟು ಜೀವಕೋಶಗಳನ್ನು ಒತ್ತೊತ್ತಾಗಿ ಬರೆಯಿರಿ. ಅಕ್ಕಪಕ್ಕದ ಕೋಶಗಳ ನಡುವೆ ಚಿಕ್ಕ ಕೊಂಡಿ ಹಾಕಿ. ಇದೇ ಇ-ಕ್ಯಾಡ್‌ಹೆರಿನ್ ಎಂಬ ಪ್ರೋಟೀನ್. ಒಂದರ ಕೊಂಡಿ ಪಕ್ಕದ್ದರ ಕೊಂಡಿಯನ್ನೇ ಹಿಡಿಯುತ್ತದೆ, ಆ ಹಿಡಿತಕ್ಕೆ ಕ್ಯಾಲ್ಸಿಯಂ ಬೇಕು. ಈಗ ಅಂಚಿನ ಒಂದು ಕೋಶದ ಕೊಂಡಿಗಳನ್ನು ಅಳಿಸಿ. ಕೋಶ ಸಡಿಲವಾಯಿತು, ಅಲ್ವಾ? ಸ್ತನದ ಲೋಬ್ಯುಲರ್ ಕ್ಯಾನ್ಸರ್‌ನಲ್ಲಿ (ಹಾಲೂಡುವ ಗ್ರಂಥಿಗಳ ಹೆಸರಿನ ಬಗೆ) ಸಾಮಾನ್ಯವಾಗಿ ಹೀಗೇ ಆಗಿರುತ್ತದೆ. ಅದಕ್ಕೇ ಬಯಾಪ್ಸಿ ರಿಪೋರ್ಟಿನಲ್ಲಿ ಇ-ಕ್ಯಾಡ್‌ಹೆರಿನ್ ಇದೆಯೋ ಇಲ್ಲವೋ ಎಂದು ಬರೆದಿರುತ್ತಾರೆ. ಈ ಪ್ರೋಟೀನಿನ ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಜಠರದ ಒಂದು ಬಗೆಯ ಕ್ಯಾನ್ಸರ್ ಮನೆತನದಲ್ಲೇ ಕಾಣಿಸಿಕೊಳ್ಳಬಹುದು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಕುಟುಂಬಗಳಲ್ಲಿ ಇದು ಪತ್ತೆಯಾದದ್ದು 1998ರಲ್ಲಿ.

ಆದರೆ ಎಲ್ಲ ಕೊಂಡಿಗಳನ್ನೂ ಅಳಿಸಿಬಿಡಬೇಡಿ. ಕೆಲವು ಕೋಶಗಳು ಕೈ ಬಿಡದೆ ಗುಂಪಾಗಿಯೇ ಹೊರಡುತ್ತವೆ. ಒಂಟಿ ಕೋಶಕ್ಕಿಂತ ಗುಂಪು ಬೇರೆಡೆ ನೆಲೆಯೂರುವ ಸಾಧ್ಯತೆ ಜಾಸ್ತಿ. ‘ಕೊಂಡಿ ಕಳಚಿದರೆ ಹರಡಿತು’ ಎಂದು ಸುಮ್ನೆ ಬಾಯಿಪಾಠ ಮಾಡುವವರು ಇದನ್ನು ಮರೆಯುತ್ತಾರೆ.

ಮುಂದೆ ಕೋಶದ ಅಡಿಗೆ ಇಂಟೆಗ್ರಿನ್ ಎಂಬ ಪ್ರೋಟೀನ್‌ಗಳನ್ನು ಬರೆಯಿರಿ. ಇವು ಕೋಶದ ಸುತ್ತಲಿನ ಕೊಲಾಜನ್‌ನಂಥ ನಾರುಗಳನ್ನು ಹಿಡಿದು ಮುಂದೆ ಸಾಗಲು ನೆರವಾಗುತ್ತವೆ. ಆರೋಗ್ಯವಂತ ಕೋಶಕ್ಕೆ ಈ ಹಿಡಿತ ತಪ್ಪಿದರೆ ಅದು ತಾನೇ ಸಾಯುತ್ತದೆ. ಕ್ಯಾನ್ಸರ್ ಕೋಶ ಹಾಗೆ ಸಾಯದಿರುವುದನ್ನು ಕಲಿತಿರುತ್ತದೆ.

ಈಗ ರಕ್ತನಾಳ ಬರೆದು ಕೋಶವನ್ನು ಒಳಗೆ ಬಿಡಿ. ಇಲ್ಲಿ ಬಹುಪಾಲು ಕೋಶಗಳು ಸಾಯುತ್ತವೆ. ಉಳಿದವಕ್ಕೆ ನಾಳದ ಗೋಡೆಯ ಇ-ಸೆಲೆಕ್ಟಿನ್ ಎಂಬ ಪ್ರೋಟೀನ್ ಸಿಗುತ್ತದೆ. ಅದು ಇರುವುದು ಬಿಳಿ ರಕ್ತಕಣಗಳನ್ನು ತಡೆದು ನಿಲ್ಲಿಸಲು. ಕ್ಯಾನ್ಸರ್ ಕೋಶ ತನ್ನ ಮೈಮೇಲಿನ ಸಕ್ಕರೆ ಸರಪಳಿಗಳಿಂದ ಅದನ್ನೇ ಹಿಡಿದು ನಿಲ್ಲುತ್ತದೆ.

ಕೊನೆಗೆ ಬಲಬದಿಗೆ ಮೂಳೆ ಮತ್ತು ಶ್ವಾಸಕೋಶ. ಕೋಶ ಎಲ್ಲೆಂದರಲ್ಲಿ ಬೇರೂರುವುದಿಲ್ಲ ಎಂದು ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಹೇಳಿದ್ದರು. ಸ್ತನ ಕ್ಯಾನ್ಸರ್ ಕೋಶದ ಮೇಲೆ ಸಿಎಕ್ಸ್‌ಸಿಆರ್4 ಎಂಬ ಪ್ರೋಟೀನ್ ಬರೆಯಿರಿ. ಅದನ್ನು ಸೆಳೆಯುವ ರಾಸಾಯನಿಕ ಈ ಎರಡೂ ಅಂಗಗಳಲ್ಲಿ ತಯಾರಾಗುತ್ತದೆ.

ಹಾಗಾದರೆ ಒಂದು ಪ್ರೋಟೀನನ್ನು ಕಟ್ಟಿಹಾಕಿದರೆ ಸಾಲದೇ? ಇಂಟೆಗ್ರಿನ್ ತಡೆಯುವ ಸಿಲೆಂಜಿಟೈಡ್ ಔಷಧವನ್ನು ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗೆಡ್ಡೆಗೆ ಕೊಟ್ಟು ನೋಡಿದರು. ರೋಗಿಗಳ ಆಯಸ್ಸು ಹೆಚ್ಚಲಿಲ್ಲ. ಮನುಷ್ಯರಲ್ಲಿ ಇಂಟೆಗ್ರಿನ್‌ಗಳೇ 24 ಬಗೆ, ಆ ಔಷಧ ಗುರಿಯಿಟ್ಟದ್ದು ಕೆಲವಕ್ಕೆ ಮಾತ್ರ.